ತೊಡೆಯ ಹಿಂದೆ ‘ಪಟ್’ ಎಂದ ಮೇಲೆ ಎಣ್ಣೆ ತಿಕ್ಕಬೇಡಿ

ಗುಲ್ಮಾರ್ಗ್, ಔಲಿ ಕಡೆ ಸ್ಕೀಯಿಂಗ್‌ಗೆ ಹೋಗಿ ಬೆಂಗಳೂರಿಗೆ ಕುಂಟುತ್ತಾ ಮರಳಿದವರ ಪತ್ರಗಳು ಪ್ರತಿ ಚಳಿಗಾಲದ ಕೊನೆಯಲ್ಲಿ ಬರುತ್ತವೆ. ಹೆಚ್ಚಿನವರು ಐವತ್ತು ದಾಟಿದವರು. ಪರೀಕ್ಷೆಯನ್ನೇ ಮಾಡಿಸದೆ ‘ಮಸಲ್ ಪುಲ್ ಅಷ್ಟೇ’ ಎಂದು ತಾವೇ ತೀರ್ಮಾನಿಸಿಕೊಂಡು, ಮತ್ತೆ ಯಾವಾಗ ಹೋಗಬಹುದು ಎಂದಷ್ಟೇ ಕೇಳುತ್ತಾರೆ. ಇದನ್ನು ಓದಿ ಓದಿ ಸಾಕಾಗಿದೆ. ಈ ಸಲ ಅಂಥ ಒಂದು ಪತ್ರಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನನಗೆ 58 ವರ್ಷ. ಗುಲ್ಮಾರ್ಗ್‌ನ ಇಳಿಜಾರಿನಲ್ಲಿ ಎಡಗಾಲಿನ ಸ್ಕೀ ಮುಂದಕ್ಕೆ ಜಾರಿತು. ಮಂಡಿ ನೆಟ್ಟಗಿದ್ದಂತೆಯೇ ಮೈ ಮುಂದಕ್ಕೆ ಬಾಗಿತು. ಕುಂಡಿಯ ಕೆಳಗೆ ‘ಪಟ್’ ಎಂದಿತು. ಎಕ್ಸ್-ರೇಯಲ್ಲಿ ಏನೂ ಇಲ್ಲ. ಎರಡು ವಾರದಿಂದ ಮಲಗಿಯೇ ಇದ್ದೇನೆ, ದಿನಾ ಎಣ್ಣೆ ಹಾಕಿಸಿ ನೀವಿಸಿಕೊಳ್ಳುತ್ತಿದ್ದೇನೆ. ತೊಡೆಯ ಹಿಂಭಾಗ ಮಂಡಿಯವರೆಗೆ ನೀಲಿಗಟ್ಟಿದೆ. ಕಾರಿನ ಸೀಟಿನಲ್ಲಿ ಕೂರಲಾಗುವುದಿಲ್ಲ. ಮುಂದಿನ ತಿಂಗಳು ಔಲಿಗೆ ಬುಕಿಂಗ್ ಆಗಿದೆ. ಪಿಆರ್‌ಪಿ (ನಮ್ಮದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್‌ಗಳ) ಇಂಜೆಕ್ಷನ್ ಹಾಕಿಸಿದರೆ ಅಷ್ಟರಲ್ಲಿ ಸರಿಹೋಗುತ್ತದೆಯೇ? – ಜಯನಗರದ ಓದುಗರು

ಔಲಿಯ ಬುಕಿಂಗ್ ರದ್ದು ಮಾಡಿ. ನೀವುವುದನ್ನು ಇವತ್ತೇ ನಿಲ್ಲಿಸಿ. ಈ ವಾರದೊಳಗೆ ಎಂಆರ್‌ಐ ಮಾಡಿಸಿಕೊಂಡು, ಕ್ರೀಡಾ ಗಾಯಗಳನ್ನು ನೋಡುವ ಮೂಳೆ ತಜ್ಞರ ಬಳಿ ಹೋಗಿ. ನಿಮ್ಮ ಈ ಸೀಸನ್ ಮುಗಿಯಿತು. ಅದನ್ನು ಒಪ್ಪಿಕೊಂಡರೆ ಮುಂದಿನ ಸೀಸನ್ ಉಳಿಯಬಹುದು.

ಇಷ್ಟು ಅವಸರ ಏಕೆಂದರೆ ನೀವು ಬರೆದಿರುವ ಒಂದೊಂದು ಲಕ್ಷಣವೂ ಒಂದೇ ಕಡೆ ಬೆರಳು ತೋರಿಸುತ್ತಿದೆ. ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಎಂದರೆ ಮೂರು ಸ್ನಾಯುಗಳು. ಮೂರೂ ಮೇಲ್ತುದಿಯಲ್ಲಿ, ನಾವು ಕುಳಿತಾಗ ಊರುವ ಎಲುಬಿಗೆ ಸ್ನಾಯುರಜ್ಜುವಿನ ಮೂಲಕ ಅಂಟಿಕೊಂಡಿರುತ್ತವೆ. ಮಂಡಿ ನೆಟ್ಟಗಿದ್ದು ಸೊಂಟ ಒಮ್ಮೆಲೇ ಬಾಗಿದಾಗ ಇಡೀ ಎಳೆತ ಆ ಬುಡಕ್ಕೆ ಬೀಳುತ್ತದೆ. ಇಪ್ಪತ್ತರ ಹುಡುಗನಿಗಾದರೆ ಸಾಮಾನ್ಯವಾಗಿ ಸ್ನಾಯುವಿನ ಹೊಟ್ಟೆಯಲ್ಲಿ ಕೆಲವು ಎಳೆ ಹರಿಯುತ್ತವೆ. ಐವತ್ತು ದಾಟಿದವರಲ್ಲಿ ರಜ್ಜು ಮೊದಲೇ ಸವೆದಿರುವುದರಿಂದ ಬುಡವೇ ಎಲುಬಿನಿಂದ ಕಿತ್ತುಬರುವ ಅಪಾಯ ಹೆಚ್ಚು. ‘ಪಟ್’ ಎಂಬ ಸದ್ದು, ಕೆಲವು ದಿನಗಳಲ್ಲಿ ಕೆಳಗಿಳಿದು ಹರಡುವ ನೀಲಿ, ಕೂರಲಾಗದ ನೋವು, ಈ ಮೂರೂ ಒಟ್ಟಿಗಿದ್ದರೆ ಹಾಗಾಗಿಲ್ಲ ಎಂದು ಖಚಿತವಾಗುವವರೆಗೆ ಅದನ್ನು ಕಿತ್ತುಬಂದ ಹ್ಯಾಮ್‌ಸ್ಟ್ರಿಂಗ್ ಎಂದೇ ನಾನು ನೋಡುತ್ತೇನೆ. ಎಕ್ಸ್-ರೇ ಸರಿಯಿದೆ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ. ರಜ್ಜುವಿನ ಜೊತೆ ಎಲುಬಿನ ಚೂರೂ ಕಿತ್ತು ಬಂದಿದ್ದರೆ ಮಾತ್ರ ಎಕ್ಸ್-ರೇಯಲ್ಲಿ ಕಾಣುತ್ತದೆ.

ಗೂಟದಿಂದ ಕಳಚಿದ ಹಗ್ಗ ವಿಶ್ರಾಂತಿ ಕೊಟ್ಟರೆ ತಾನಾಗಿ ಗೂಟಕ್ಕೆ ಬಂದು ಸುತ್ತಿಕೊಳ್ಳುವುದಿಲ್ಲ. ಎರಡು ಅಥವಾ ಮೂರೂ ರಜ್ಜು ಕಿತ್ತಿದ್ದು, ತುದಿ 2 ಸೆಂಟಿಮೀಟರ್‌ಗಿಂತ ಹೆಚ್ಚು ಕೆಳಗೆ ಸರಿದಿದ್ದರೆ, ನಿಮ್ಮಂತೆ ಓಡಾಟ ಆಟ ಇರುವವರಿಗೆ ಶಸ್ತ್ರಚಿಕಿತ್ಸೆಯ ವಿಚಾರ ಮಾಡಲೇಬೇಕು. ಅದನ್ನು ಮೊದಲ ಮೂರು–ನಾಲ್ಕು ವಾರಗಳಲ್ಲಿ ಮಾಡುವುದು ಸುಲಭ. ತಡವಾದಷ್ಟೂ ಸ್ನಾಯು ಕುಗ್ಗಿ ಕೆಳಗೆ ಸರಿಯುತ್ತದೆ. ಸುತ್ತ ಬೆಳೆದ ಗಾಯದ ಕಲೆ ಪಕ್ಕದಲ್ಲೇ ಹಾದು ಕಾಲಿಗಿಳಿಯುವ ದಪ್ಪ ಸಯಾಟಿಕ್ ನರಕ್ಕೆ ಅಂಟಿಕೊಳ್ಳುತ್ತದೆ. ನಿಮ್ಮ ಎರಡು ವಾರ ಈಗಾಗಲೇ ಹಾಸಿಗೆಯಲ್ಲಿ ಕಳೆದುಹೋಗಿದೆ. ಪಾದ ಜೋಮು ಹಿಡಿಯುತ್ತಿದ್ದರೆ, ಹೆಬ್ಬೆರಳು ಮೇಲೆತ್ತಲು ಆಗದಿದ್ದರೆ ಎಂಆರ್‌ಐ ದಿನಾಂಕಕ್ಕೂ ಕಾಯಬೇಡಿ. ಒಂದೇ ರಜ್ಜು ಕಿತ್ತು ತುದಿ ಹೆಚ್ಚು ಸರಿದಿಲ್ಲವೆಂದಾದರೆ ಕತ್ತರಿಯಿಲ್ಲದೆಯೇ ಚೇತರಿಸಿಕೊಳ್ಳಬಹುದು. ಅದನ್ನು ಹೇಳಬೇಕಾದದ್ದು ಎಂಆರ್‌ಐ. ನೀವಲ್ಲ, ನಾನೂ ಅಲ್ಲ, ಎಣ್ಣೆ ತಿಕ್ಕುವವರಂತೂ ಅಲ್ಲ.

ಆ ಎಣ್ಣೆಯ ವಿಷಯವನ್ನು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಒಳಗೆ ಹರಿದು ರಕ್ತ ಸುರಿದ ಸ್ನಾಯುವನ್ನು ಮೊದಲ ದಿನಗಳಲ್ಲಿ ಗಟ್ಟಿಯಾಗಿ ಉಜ್ಜಿದರೆ ರಕ್ತಸ್ರಾವ ಹೆಚ್ಚುತ್ತದೆ. ಕೆಲವರಲ್ಲಿ ಆ ಹೆಪ್ಪು ಸ್ನಾಯುವಿನೊಳಗೇ ಎಲುಬಿನಂತೆ ಗಟ್ಟಿಯಾಗುವುದೂ ಉಂಟು. ‘ನರ ಹಿಡಿದುಕೊಂಡಿದೆ, ಬಿಡಿಸುತ್ತೇನೆ’ ಎಂದು ಕಾಲನ್ನು ಎಳೆದು ತಿರುಚುವವರು, ಬಿಗಿಯಾಗಿ ಕಟ್ಟು ಹಾಕಿ ಹದಿನೈದು ದಿನ ಬಿಚ್ಚಬೇಡಿ ಎನ್ನುವವರು ಈ ಊರಿನ ಬೀದಿಬೀದಿಯಲ್ಲಿ ಬೋರ್ಡ್ ಹಾಕಿಕೊಂಡಿದ್ದಾರೆ. ಅವರ ಕೈಯಲ್ಲಿ ಕಾಲು ಕೊಟ್ಟು, ಶಸ್ತ್ರಚಿಕಿತ್ಸೆಯ ಸಮಯ ಮೀರಿದ ಮೇಲೆ ನಮ್ಮ ಬಳಿ ಬಂದವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪಿಆರ್‌ಪಿ ಬಗ್ಗೆ: 2014ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿದ 80 ಆಟಗಾರರಲ್ಲಿ ಕೆಲವರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟು ನೋಡಿದರು. ಆಟಕ್ಕೆ ಮರಳುವ ಸಮಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಿತ್ತುಬಂದ ರಜ್ಜುವಿನ ವಿಷಯದಲ್ಲಂತೂ ಅದನ್ನು ನಂಬಿ ದಿನ ಕಳೆಯುವುದು ಅಪಾಯ. ಆ ದುಡ್ಡನ್ನು ಫಿಸಿಯೋಥೆರಪಿಗೆ ಇಡಿ.

ಇನ್ನು ಬೆಡ್ ರೆಸ್ಟ್. ಮೂವತ್ತರ ನಂತರ ಸ್ನಾಯು ನಿಧಾನವಾಗಿ ಕರಗುತ್ತಲೇ ಹೋಗುತ್ತದೆ, ಅರವತ್ತರ ಸುಮಾರಿಗೆ ಆ ವೇಗ ಹೆಚ್ಚುತ್ತದೆ. ಹಾಸಿಗೆ ಹಿಡಿದರೆ ಕೆಲವೇ ದಿನಗಳಲ್ಲಿ ತೊಡೆ ಸಣ್ಣಗಾಗುವುದು ಕಣ್ಣಿಗೇ ಕಾಣುತ್ತದೆ, ಅದನ್ನು ಮರಳಿ ಗಳಿಸಲು ಈ ವಯಸ್ಸಿನಲ್ಲಿ ತಿಂಗಳುಗಳೇ ಬೇಕು. ಊರುಗೋಲು ಹಿಡಿದು, ನೋವು ಬಿಡುವಷ್ಟು ಮನೆಯೊಳಗೆ ನಡೆಯಿರಿ. ಕಾಲು ನೀಡಿ ಬಗ್ಗಿ ಹೆಬ್ಬೆರಳು ಮುಟ್ಟುವ ಸ್ಟ್ರೆಚಿಂಗ್ ಮಾತ್ರ ಬೇಡ, ಗಾಯವಾದದ್ದೇ ಆ ಭಂಗಿಯಲ್ಲಿ.

ಕತ್ತರಿ ಬೇಡವೆಂದು ತಜ್ಞರು ಹೇಳಿದರೆ ದಾರಿ ಹೀಗೆ: ಮೊದಲು ಅಂಗಾತ ಮಲಗಿ ಎರಡೂ ಪಾದ ಊರಿ ಸೊಂಟ ಎತ್ತುವುದು, ಅದು ನೋವಿಲ್ಲದೆ ಬಂದ ಮೇಲೆ ಒಂದೇ ಕಾಲಿನಲ್ಲಿ, ನಂತರ ಕೈಯಲ್ಲಿ ತೂಕ ಹಿಡಿದು ಸೊಂಟದಿಂದ ನಿಧಾನವಾಗಿ ಬಾಗಿ ಏಳುವುದು. ಕೊನೆಗಷ್ಟೇ ನಾರ್ಡಿಕ್ ವ್ಯಾಯಾಮ: ಮಂಡಿಯೂರಿ, ಹಿಮ್ಮಡಿಯನ್ನು ಯಾರಾದರೂ ಒತ್ತಿ ಹಿಡಿದಿರುವಾಗ ಮೈಯನ್ನು ತಡೆತಡೆದು ಮುಂದಕ್ಕೆ ಇಳಿಸುವುದು. ಎಡ ತೊಡೆಯ ಬಲ ಬಲಗಡೆಗೆ ಸಮನಾಗುವವರೆಗೆ ಹಿಮದ ಮಾತು ಎತ್ತಬೇಡಿ. ನಿಮ್ಮ ವಯಸ್ಸಿನಲ್ಲಿ ಅದಕ್ಕೆ ಮೂರು ತಿಂಗಳಾದರೂ ಬೇಕು. ಹೊಲಿಗೆ ಬಿದ್ದರೆ ಊರುಗೋಲೇ ಸುಮಾರು ಆರು ವಾರ, ಆಟಕ್ಕೆ ಆರರಿಂದ ಒಂಬತ್ತು ತಿಂಗಳು. ಇಲ್ಲಿ ನಾನು ಬೇರೆಯವರಿಗಿಂತ ಹೆಚ್ಚು ಬಿಗಿ ಎಂದು ರೋಗಿಗಳು ದೂರುತ್ತಾರೆ. ಎರಡನೇ ಸಲ ಹರಿದದ್ದನ್ನು ಸರಿಪಡಿಸುವುದು ಮೊದಲ ಸಲಕ್ಕಿಂತ ಬಹಳ ಕಷ್ಟ, ಹಾಗಾಗಿ ಈ ಬಿಗಿ ಸಡಿಲಿಸಲಾರೆ.

ಪ್ರಶ್ನೆ: ಕಾಲು ಸೂಪು ಕುಡಿದರೆ ಸ್ನಾಯು ಬೇಗ ಕೂಡುತ್ತದಂತೆ?

ಇಲ್ಲ. ಮೊಟ್ಟೆ, ಮೀನು, ಕಾಳು, ಬೇಳೆ, ಮೊಸರು, ಪನೀರ್ ದಿನದ ಪ್ರತಿ ಊಟದಲ್ಲೂ ಇರಲಿ. ಗಾಯವಾದ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಿ.

ಪ್ರಶ್ನೆ: ಬಣ್ಣದ ಟೇಪ್ ಅಂಟಿಸಿಕೊಂಡು ಸ್ಕೀ ಮಾಡಬಹುದೇ?

ಟೇಪ್ ಹರಿದ ಸ್ನಾಯುವನ್ನು ಹಿಡಿದಿಡುವುದಿಲ್ಲ.

ಪ್ರಶ್ನೆ: ಶ್ರೀನಗರದಿಂದ ವಿಮಾನದಲ್ಲಿ ಬಂದ ಮೇಲೆ ಮೀನಖಂಡ ಊದಿ ಬಿಗಿಯಾಗಿದೆ. ಅಲ್ಲಿ ಸ್ವಲ್ಪ ಉಳುಕಿತ್ತು. ಬಿಸಿ ಶಾಖ ಕೊಡಲೇ?

ಬೇಡ. ಇವತ್ತೇ ಆಸ್ಪತ್ರೆಗೆ ಹೋಗಿ ಕಾಲಿನ ಡಾಪ್ಲರ್ ಸ್ಕ್ಯಾನ್ (ರಕ್ತನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಪರೀಕ್ಷೆ) ಮಾಡಿಸಿ. ಮೀನಖಂಡದ ಸ್ನಾಯು ಹರಿದರೂ, ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ಹೊರಗೆ ಕಾಣುವುದು ಒಂದೇ ರೀತಿ. ಗಾಯವಾದ ಕಾಲು, ಗಂಟೆಗಟ್ಟಲೆ ಅಲುಗದೆ ಕೂತ ಪ್ರಯಾಣ, ಏರಿದ ವಯಸ್ಸು ಇವೆಲ್ಲ ಹೆಪ್ಪಿಗೆ ದಾರಿ ಮಾಡುತ್ತವೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಪ್ರವಾಸದ ಕಿಟ್‌ನಲ್ಲಿ ಭೇದಿಗೆಂದು ಸಿಪ್ರೋಫ್ಲಾಕ್ಸಸಿನ್ ಇಟ್ಟುಕೊಳ್ಳುತ್ತೇನೆ, ವಯಸ್ಸು 63. ತೊಂದರೆ ಇದೆಯೇ?

ಇದೆ. ಈ ಗುಂಪಿನ ಆ್ಯಂಟಿಬಯಾಟಿಕ್‌ಗಳು ಸ್ನಾಯುರಜ್ಜು ಹರಿಯುವ ಅಪಾಯವನ್ನು ಹೆಚ್ಚಿಸುತ್ತವೆ. ಅರವತ್ತು ದಾಟಿದವರಲ್ಲಿ, ಸ್ಟಿರಾಯ್ಡ್ ಮಾತ್ರೆ ನುಂಗುವವರಲ್ಲಿ ಇನ್ನೂ ಹೆಚ್ಚು. ವೈದ್ಯರು ನೋಡಿ ಬರೆದುಕೊಡದೆ ನುಂಗಬೇಡಿ. ನುಂಗಿದ ಮೇಲೆ ಹಿಮ್ಮಡಿಯ ಮೇಲ್ಭಾಗ ನೋಯತೊಡಗಿದರೆ ಆಟ ನಿಲ್ಲಿಸಿ ಅವರಿಗೆ ತಿಳಿಸಿ.

ಪ್ರಶ್ನೆ: ಹಿಮವಿಲ್ಲದ ಬೆಂಗಳೂರಿನಲ್ಲಿ ಸ್ಕೀಯಿಂಗ್‌ಗೆ ತಯಾರಿ ಹೇಗೆ? ಹೊರಡುವ ಎರಡು ವಾರ ಮೊದಲು ಕಬ್ಬನ್ ಪಾರ್ಕ್‌ನಲ್ಲಿ ಓಡುತ್ತೇನೆ.

ಎರಡು ವಾರ ಸಾಲದು, ಸಮತಟ್ಟಾದ ದಾರಿಯಲ್ಲಿ ಓಡಿದರೂ ಸಾಲದು. ಇಳಿಜಾರಿನಲ್ಲಿ ತೊಡೆಗೆ ಬೀಳುವ ಕೆಲಸವೆಂದರೆ ಅರೆ ಕುಕ್ಕರುಗಾಲಿನಲ್ಲಿ ಮೈತೂಕವನ್ನು ತಡೆದು ಇಳಿಸುವುದು. ಅದಕ್ಕೆ ಅಪಾರ್ಟ್‌ಮೆಂಟಿನ ಮೆಟ್ಟಿಲು ಸಾಕು: ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ನಿಧಾನವಾಗಿ ಇಳಿಯಿರಿ. ಡಿಸೆಂಬರ್‌ಗೆ ಹೊರಡುವವರು ಸೆಪ್ಟೆಂಬರ್‌ನಲ್ಲೇ ಶುರುಮಾಡಿ, ವಾರಕ್ಕೆ ಮೂರು ದಿನ. ಮಂಡಿಚಿಪ್ಪಿನ ಮುಂದೆ ನೋವು ಬಂದರೆ ಮಹಡಿ ಕಡಿಮೆ ಮಾಡಿ.