ಹುಳ ಜ್ವರಕ್ಕೆ ಕೂತ ದಿನ ಪೂಜೆಗೆ ಕೂತ್ಕೊಳ್ಳಿ

ಪ್ರಶ್ನೆ: ಅಕ್ಕ ನಮಸ್ಕಾರ. ನಮ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ರೇಷ್ಮೆ ಮಾಡ್ತೀವಿ, ಇಬ್ರು ಮಕ್ಳು, ಅತ್ತೆ, ಎರಡು ಸೀಮೆ ಹಸು. ಬೆಳಿಗ್ಗೆ ದೀಪ ಹಚ್ಚಿ ಕೂತ್ರೆ ಐದು ನಿಮಿಷಾನೂ ಮನಸ್ಸು ನಿಲ್ಲಲ್ಲ, ಹುಳಕ್ಕೆ ಸೊಪ್ಪು ಹಾಕಿದ್ನಾ, ಡೈರಿಗೆ ಹಾಲು ಹೋಯ್ತಾ, ಮಗನ ಬಸ್ಸು ಬಂತಾ ಅಂತ ಅಲ್ಲೇ ಓಡ್ತಿರುತ್ತೆ. ಮೊಬೈಲಲ್ಲಿ ದೇವರ ವಿಡಿಯೋ ಮಾತ್ರ ದಿನಾ ನೋಡ್ತೀನಿ, ಹನ್ನೊಂದು ಜನಕ್ಕೆ ಕಳಿಸಿ ಅಂತ ಬಂದ್ರೆ ಭಯಕ್ಕೆ ಕಳಿಸ್ತೀನಿ. ಇನ್ನು ನಿಜ ಹೇಳ್ಬೇಕಂದ್ರೆ ಗೂಡಿನ ರೇಟು ಬಿದ್ದಾಗ್ಲೇ ದೇವರು ಜೋರಾಗಿ ನೆನಪಾಗೋದು. ಅತ್ತೆ ನಿಂಗೆ ಭಕ್ತಿನೇ ಇಲ್ಲ ಅಂತಾರೆ. ಹೌದಾ ಅಕ್ಕ?

ಉತ್ತರ: ಅತ್ತೆ ಮಾತು ಆಮೇಲೆ ನೋಡೋಣಮ್ಮ, ಮೊದ್ಲು ಮನಸ್ಸು ನಿಲ್ಲಲ್ಲ ಅಂದ್ರಲ್ಲ ಅದು. ಗೀತೆ ಆರನೇ ಅಧ್ಯಾಯದಲ್ಲಿ ಅರ್ಜುನ ಕೃಷ್ಣನ ಮುಖಕ್ಕೇ ಹೇಳ್ತಾನೆ, ಈ ಮನಸ್ಸು ಹಿಡಿಯೋದು ಗಾಳಿ ಹಿಡಿದಂಗೆ, ನನ್ ಕೈಲಾಗಲ್ಲ ಅಂತ. ಅದಕ್ಕೆ ಕೃಷ್ಣ ನಿಂಗೆ ಭಕ್ತಿ ಇಲ್ಲ ಅಂತ ಬೈಯಲಿಲ್ಲ, ಹೌದಪ್ಪ ಕಷ್ಟಾನೇ, ಅದ್ರಲ್ಲಿ ಅನುಮಾನ ಇಲ್ಲ, ಆದ್ರೆ ಅಭ್ಯಾಸದಿಂದ ವೈರಾಗ್ಯದಿಂದ ಹಿಡೀಬೋದು ಅಂದ. ಅರ್ಜುನನ ಕೈಗೇ ಸಿಗದ್ದು ಬೆಳಿಗ್ಗೆ ಆರು ಗಂಟೆಗೆ ಒಲೆ ಮೇಲೆ ಹಾಲಿಟ್ಟು ಬಂದು ಕೂತ ನಿಮಗೆ ಸಿಗಲಿಲ್ಲ ಅಂತ ಇಷ್ಟೊಂದು ಯಾಕೆ ಕೊರಗ್ತೀರಾ.

ನಿಮ್ಮ ಪಟ್ಟೀಲಿ ಹುಳು ಮನೆ, ಹಾಲು, ಮಗನ ಬಸ್ಸು ಇವೆಲ್ಲ ಇವೆ, ಇವು ದೇವರಿಂದ ದೂರ ಎಳೆಯೋ ವಸ್ತು ಅಂತ ನನಗಂತೂ ಅನ್ಸಲ್ಲ. ನಿಮ್ಮ ಪಕ್ಕದಲ್ಲೇ ಕೈವಾರ ಇದೆ. ಅಲ್ಲಿನ ಸಂತರು ಯೋಗಿ ನಾರೇಯಣ ತಾತಯ್ಯನವರು ಬಳೆಗಾರರು, ಬಳೆ ಮಲಾರ ಹೊತ್ಕೊಂಡು ಊರೂರು ತಿರುಗಿದವರು, ಹುಟ್ಟಿದ್ದು 1726ರಲ್ಲಿ ಅಂತಾರೆ. ದೇವರ ಧ್ಯಾನದಲ್ಲಿ ವ್ಯಾಪಾರ ಮರೆತು ಮನೆಗೆ ದುಡ್ಡು ಬರ್ದೇ ಹೋಗಿ ಮನೆಯಾಕೆ ಕೈಲಿ ಬೈಸ್ಕೊಂಡ್ರು ಅನ್ನೋ ಕಥೆ ನಮ್ಮ ಕಡೆ ಎಲ್ರಿಗೂ ಗೊತ್ತು, ಹೇಳುವಾಗ ಯಾವಾಗ್ಲೂ ಆಯಮ್ಮನ್ನೇ ಗಯ್ಯಾಳಿ ಮಾಡ್ತಾರೆ. ಪಾಪ, ಒಲೆ ಉರೀಬೇಕಲ್ವಾ, ಬೈದಿದ್ರಲ್ಲಿ ತಪ್ಪೇನು ಅಂತ ನನ್ನ ವಾದ. ಆಮೇಲೆ ಗುರುಗಳು ಮಂತ್ರ ಕೊಟ್ಟು ಬಾಯಲ್ಲಿ ಕಲ್ಲು ಇಟ್ಕೊಂಡು ಜಪ ಮಾಡು, ಅದು ಕಲ್ಲುಸಕ್ಕರೆ ಆಗೋವರೆಗೂ ಬಿಡಬೇಡ ಅಂದ್ರಂತೆ, ನರಸಿಂಹ ಗುಹೇಲಿ ಕೂತು ವರ್ಷಗಟ್ಲೆ ಮಾಡಿದ್ರಂತೆ. ಕಲ್ಲು ಒಂದೇ ದಿನಕ್ಕೆ ಸಿಹಿ ಆಯ್ತು ಅಂತ ಯಾರೂ ಹೇಳಲ್ಲ ನೋಡಿ.

ಈಗ ನಿಮ್ಮ ಕೆಲಸಕ್ಕೆ ಬರ್ತೀನಿ. ನಿಮ್ಮ ತೊಂದ್ರೆ ಭಕ್ತಿದಲ್ಲ, ಟೈಮಿಂದು. ಪಟ್ಟಣದಲ್ಲಿ ಕೂತವರು ಬರೆದ ಪೂಜೆ ಟೈಮ್‌ಟೇಬಲ್ಲು ನಿಮಗೆ ಹೊಂದಲ್ಲ, ನಿಮ್ಮ ಕ್ಯಾಲೆಂಡರು ಹುಳ. ಹುಳ ಒಂದು ಬೆಳೇಲಿ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಅಂದ್ರೆ ಪೊರೆ ಬಿಡೋಕೆ ಕೂರುತ್ತೆ, ತಲೆ ಮೇಲಕ್ಕೆತ್ತಿ ಅಲ್ಲಾಡದೆ ಹಂಗೇ ಇರುತ್ತೆ, ಹೆಚ್ಚುಕಮ್ಮಿ ಒಂದು ದಿನ ಸೊಪ್ಪು ಮುಟ್ಟಲ್ಲ, ನೀವೂ ಹುಳದ ಹಾಸಿಗೆ ಮೇಲೆ ಸುಣ್ಣದ ಪುಡಿ ಉದುರಿಸಿ ಸುಮ್ನೆ ಬಿಡಬೇಕು, ಮುಟ್ಟಂಗಿಲ್ಲ. ಮರಿ ಹುಳ ಸಾಕಿ ಕೊಡೋ ಚಾಕಿ ಸೆಂಟರಿಂದ ಎರಡನೇ ಜ್ವರ ಎದ್ದ ಹುಳ ತರೋರಾದ್ರೆ ನಿಮ್ಮ ಮನೇಲಿ ಆಗೋದು ಮೂರನೇದು ನಾಲ್ಕನೇದು ಎರಡೇ. ಆ ಎರಡು ದಿನ ನಿಮ್ಮವು. ಅವತ್ತು ತಲೆಸ್ನಾನ ಮಾಡಿ ನಿಧಾನಕ್ಕೆ ಕೂತು ಪೂಜೆ ಮಾಡಿ, ಭಜನೆ ಪುಸ್ತಕ ತೆಗೀರಿ, ಸಾಧ್ಯ ಆದ್ರೆ ಕೈವಾರಕ್ಕೆ ಒಂದು ಹೆಜ್ಜೆ ಹೋಗಿ ಅಮರನಾರೇಯಣನ ದರ್ಶನ ಮಾಡ್ಕೊಂಡು ಬನ್ನಿ. ನಾಲ್ಕನೇ ಜ್ವರ ಎದ್ದ ಮೇಲೆ ಹಣ್ಣಾಗೋವರೆಗೂ, ಅಂದ್ರೆ ಗೂಡು ಕಟ್ಟೋಕೆ ರೆಡಿ ಆಗೋವರೆಗೂ, ಒಂದು ವಾರ ಹುಳ ತಿನ್ನೋದಕ್ಕೆ ಲೆಕ್ಕಾನೇ ಇಲ್ಲ, ಸೊಪ್ಪು ಕೊಯ್ದು ಕೊಯ್ದು ಬೆನ್ನು ಬಿದ್ದೋಗುತ್ತೆ, ಆ ವಾರ ಯಾವ ವ್ರತಾನೂ ಹಿಡೀಬೇಡಿ, ದೀಪ ಹಚ್ಚಿ ಕೈ ಮುಗಿದ್ರೆ ಸಾಕು. ರಾತ್ರಿ ಸೊಪ್ಪು ಹಾಕುವಾಗ ಬಾಯಿ ಖಾಲಿ ಇರುತ್ತಲ್ಲ, ನಾರಾಯಣ ನಾರಾಯಣ ಅನ್ನೋದಕ್ಕೆ ಕೈ ಬೇಕಾಗಿಲ್ಲ. (ಊದಿನಕಡ್ಡಿ ಮಾತ್ರ ಹುಳು ಮನೆ ಹತ್ರ ತರಬೇಡಿ, ಆ ಹೊಗೆ ವಾಸನೆ ಹುಳಕ್ಕೆ ಆಗಿಬರಲ್ಲ.)

ನನಗೆ ಭಯ ಆಗಿದ್ದು ನಿಮ್ಮ ಮೊಬೈಲ್ ವಿಷಯಕ್ಕೆ. ಸೊಪ್ಪು ಹಾಕೋ ಕೆಲಸ ನಿಮ್ಮನ್ನ ಪೂಜೆಯಿಂದ ಎಬ್ಬಿಸಿದ್ರೆ ಎಬ್ಬಿಸ್ತು ಅಂತ ಗೊತ್ತಾಗುತ್ತೆ, ವಿಡಿಯೋ ಹಂಗಲ್ಲ, ದೇವರ ಫೋಟೋ ಇರೋದ್ರಿಂದ ನೋಡ್ತಾ ಕೂತಿದ್ದೇ ಭಕ್ತಿ ಅಂತ ಅನ್ನಿಸಿಬಿಡುತ್ತೆ, ಅಭಿಷೇಕ ಮುಗಿದ ಮೇಲೆ ಸೀರೆ ಆಫರ್, ಅದಾದ್ಮೇಲೆ ಯಾರ್ದೋ ಮನೆ ಜಗಳ, ಮುಕ್ಕಾಲು ಗಂಟೆ ಹೋಯ್ತು. ಹನ್ನೊಂದು ಜನಕ್ಕೆ ಕಳಿಸದಿದ್ರೆ ಕೆಟ್ಟದಾಗುತ್ತೆ ಅನ್ನೋ ಮೆಸೇಜನ್ನ ಇವತ್ತೇ ಡಿಲೀಟ್ ಮಾಡಿ, ಏನಾದ್ರೂ ಆದ್ರೆ ನನ್ನ ಮೇಲೆ ಹಾಕಿ. ರಾತ್ರಿ ಅಲಾರಂಗೆ ಫೋನ್ ಬೇಕೇ ಬೇಕು, ಸರಿ, ಅಲಾರಂ ಆಫ್ ಮಾಡಿ ಅಲ್ಲೇ ಬಿಟ್ಟು ಹುಳು ಮನೆಗೆ ಹೋಗಿ.

ರೇಟು ಬಿದ್ದಾಗ ದೇವರು ನೆನಪಾಗೋದು ತಪ್ಪಲ್ಲಮ್ಮ, ಕಷ್ಟ ಬಂದಾಗ ಇನ್ಯಾರ ಹತ್ರ ಹೋಗೋದು. ಆದ್ರೆ ಹರಾಜಲ್ಲಿ ಒಳ್ಳೆ ರೇಟು ಸಿಕ್ಕಿದ ದಿನಾನೂ ಮಾರ್ಕೆಟ್ಟಿಂದ ಬಂದವರೇ ಒಂದು ದೀಪ ಹಚ್ಚಿ, ಅವತ್ತು ಏನೂ ಕೇಳಬೇಡಿ. ಅತ್ತೆಗೆ ಉತ್ತರ ಕೊಡೋಕೆ ಹೋಗ್ಬೇಡಿ, ಜ್ವರದ ದಿನದ ಪೂಜೆಗೆ ಅವರನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ.

ಪ್ರಶ್ನೆ: ತುಮಕೂರಲ್ಲಿ ಡಿಗ್ರಿ ಓದ್ತಿದೀನಿ, ರೂಮಲ್ಲಿ ಫ್ರೆಂಡ್ಸ್ ಜೊತೆ ಇದೀನಿ. ಶನಿವಾರ ಒಪ್ಪತ್ತು ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ, ಮೊನ್ನೆ ಬರ್ತ್‌ಡೇ ಪಾರ್ಟೀಲಿ ಬಿರಿಯಾನಿ ತಿಂದ್ಬಿಟ್ಟೆ. ಅವತ್ತಿಂದ ದೇವಸ್ಥಾನಕ್ಕೆ ಹೋಗೋಕೇ ಮುಜುಗರ.

ಉತ್ತರ: ಬಿರಿಯಾನಿ ತಿಂದಿದ್ದಕ್ಕಿಂತ ಅದೇ ನೆಪದಲ್ಲಿ ದೇವಸ್ಥಾನ ಬಿಟ್ಟಿದ್ದು ದೊಡ್ಡದಾಯ್ತಪ್ಪ. ಅಮ್ಮನಿಗೆ ಫೋನ್ ಮಾಡಿ ಹಿಂಗಾಯ್ತು ಅಂತ ಹೇಳ್ಬಿಡು, ಎರಡು ಮಾತು ಬೈತಾರೆ, ಮುಗೀತು. ಒಬ್ನೇ ಕೂತು ಮಾಡೋದು ಕಷ್ಟ ಅನ್ಸಿದ್ರೆ ಒಂದು ಸಂಜೆ ಸಿದ್ಧಗಂಗೆಗೆ ಹೋಗು, ಸಾವಿರಾರು ಹುಡುಗ್ರು ಸಾಲಾಗಿ ಕೂತು ಪ್ರಾರ್ಥನೆ ಮಾಡ್ತಾರೆ. ಹತ್ರದಿಂದ ನೋಡು, ಒಬ್ಬ ಆಕಳಿಸ್ತಿರ್ತಾನೆ, ಇನ್ನೊಬ್ಬ ಪಕ್ಕದವನನ್ನ ಚಿವುಟ್ತಿರ್ತಾನೆ, ಆದ್ರೂ ಪ್ರಾರ್ಥನೆ ನಡೀತಾನೇ ಇರುತ್ತೆ. ಹೋಗುವಾಗ ಆ ಬಿರಿಯಾನಿ ಫ್ರೆಂಡ್ಸನ್ನೂ ಕರ್ಕೊಂಡು ಹೋಗು, ದಾಸೋಹದಲ್ಲಿ ಊಟ ಮಾಡ್ಕೊಂಡು ಬನ್ನಿ.