ಕೇದಾರಕಂಠಕ್ಕೆ ಹೊರಟ ಆರು ಗೆಳೆಯರಿಗೆ

ಕುಮಾರ ಪರ್ವತ ಹತ್ತಿದ್ದೇವೆ, ಹಿಮ ನೋಡಿಲ್ಲ, ಡಿಸೆಂಬರ್ ಕೊನೆಗೆ ಆರು ಜನ ಬೆಂಗಳೂರಿನಿಂದ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೊರಟಿದ್ದೇವೆ, ಎಂಥ ಜಾಕೆಟ್ ತಗೊಳ್ಳಬೇಕು ಅಂತ ಕೇಳಿದ್ದೀರಿ. ಜಾಕೆಟ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆರೂ ಜನ ಒಟ್ಟಿಗೆ ಕೂತು ಒಂದು ಮಾತು ತೀರ್ಮಾನ ಮಾಡಿಕೊಳ್ಳಿ. ಮೇಲೆ ಯಾರಿಗಾದರೂ ಹುಷಾರು ತಪ್ಪಿದರೆ ಅವರ ಜೊತೆ ಕೆಳಗಿಳಿಯುವವರು ಯಾರು? ಇದು ಬೆಂಗಳೂರಿನಲ್ಲೇ ಆಗಬೇಕು. ಹತ್ತುವಾಗ ಯಾರೂ ಬಾಯಿ ಬಿಡುವುದಿಲ್ಲ. ನನ್ನಿಂದ ಎಲ್ಲರ ಟ್ರಿಪ್ ಹಾಳಾಗುತ್ತದೆ ಅಂತ ತಲೆನೋವನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಗೆಳೆಯರೇ ಸೇರಿ ಹೋಗುವ ಗುಂಪಿನಲ್ಲಿ ನನಗೆ ಚಳಿಗಿಂತ ಜಾಸ್ತಿ ಭಯ ಇರುವುದು ಇದರದ್ದೇ.

ಕುಮಾರ ಪರ್ವತದ ಎತ್ತರ 1,712 ಮೀಟರ್. ಕೇದಾರಕಂಠದ ನಡಿಗೆ ಶುರುವಾಗುವ ಸಾಂಕ್ರಿ ಹಳ್ಳಿಯೇ ಸುಮಾರು 1,950 ಮೀಟರ್‌ನಲ್ಲಿದೆ. ತುದಿ ಸುಮಾರು 3,800 ಮೀಟರ್. ಅಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿಗಿಂತಲೂ ಸ್ವಲ್ಪ ಕಡಿಮೆ. ದಿನಾ ಓಡುವವರಿಗೂ ತಲೆನೋವು, ವಾಕರಿಕೆ ಬರಬಹುದು. ಗಟ್ಟಿಮುಟ್ಟಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಣ್ಣ ತಲೆನೋವಾದರೆ ಅಲ್ಲೇ ನಿಂತು ವಿಶ್ರಾಂತಿ ತಗೊಳ್ಳಿ, ಅದು ಹೋಗುವವರೆಗೆ ಮೇಲೆ ಹತ್ತಬೇಡಿ. ಕುಡಿದವರ ಹಾಗೆ ತೂರಾಡುವುದು, ಮಾತು ತಡವರಿಸುವುದು, ಸುಮ್ನೆ ಕೂತಾಗಲೂ ಏದುಸಿರು ಬರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯಾದರೂ ಸರಿ, ಗೈಡ್ ಜೊತೆ ಕೆಳಗಿಳಿಸಿ. ಎತ್ತರದ ಈ ತೊಂದರೆ ತಡೆಯಲು ತಗೊಳ್ಳುವ ಡೈಯಾಮಾಕ್ಸ್ ಮಾತ್ರೆಯನ್ನು ನಿಮ್ಮ ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದವರಂತೂ ಅದನ್ನು ಮರೆಯದೆ ಹೇಳಬೇಕು.

ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಹೆಚ್ಚುಕಡಿಮೆ 200 ಕಿಲೋಮೀಟರ್. ಮಸ್ಸೂರಿ, ಪುರೋಲಾ, ಮೋರಿ ಮೇಲೆ ಹೋಗುವ ದಾರಿ ಪೂರ್ತಿ ತಿರುವು, ಒಂದು ಇಡೀ ಹಗಲು ಬೇಕು. ನಗದು ಪುರೋಲಾ ದಾಟುವ ಮುಂಚೆಯೇ ಇಟ್ಟುಕೊಳ್ಳಿ. ಸಾಂಕ್ರಿಯಲ್ಲಿ ಒಂದು ರಾತ್ರಿ ನಿಲ್ಲುವುದನ್ನು ತಪ್ಪಿಸಬೇಡಿ. ಕೋಣೆ ಚಳಿಯಾಗಿದೆ ಅಂತ ಇದ್ದಿಲ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಬಾಗಿಲು ಹಾಕಿ ಮಲಗಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಟೆಂಟ್ ಒಳಗೆ ಸ್ಟೌ ಹಚ್ಚುವುದೂ ಅಷ್ಟೇ ಅಪಾಯ.

ಈಗ ಬಟ್ಟೆ. ಒಂದೇ ದಪ್ಪ ಜಾಕೆಟ್‌ಗೆ ದುಡ್ಡು ಸುರಿಯಬೇಡಿ. ಮೈಗೆ ಅಂಟಿದಂತೆ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಹೊರಗೆ ಗಾಳಿ ತಡೆಯುವ ಪದರ. ದಪ್ಪ ಜಾಕೆಟ್ ನಿಂತಾಗ, ರಾತ್ರಿ ಕೂತಾಗ ಹಾಕಿಕೊಳ್ಳುವುದಕ್ಕೆ. ಹತ್ತುವಾಗ ಅದನ್ನು ಹಾಕಿಕೊಂಡರೆ ಬೆವರುತ್ತೀರಿ. ನಿಂತ ತಕ್ಷಣ ಆ ಬೆವರೇ ತಣ್ಣಗಾಗಿ ಮೈ ನಡುಗಿಸುತ್ತದೆ. ಆದ್ದರಿಂದ ಹೊರಡುವಾಗ ಸ್ವಲ್ಪ ಚಳಿ ಅನ್ನಿಸಿದರೆ ಸರಿಯಾಗಿದೆ ಅಂತಲೇ ತಿಳಿಯಿರಿ. ಹತ್ತಿ ಬಟ್ಟೆ, ಜೀನ್ಸ್ ಎರಡೂ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಮಲಗಲು ಒಂದು ಜೊತೆ ಒಣ ಸಾಕ್ಸ್ ಬೇರೆ ಇಡಿ, ಅದನ್ನು ಹಗಲು ಮುಟ್ಟಬೇಡಿ. ಬೂಟು ದಪ್ಪ ಸಾಕ್ಸ್ ಹಾಕಿಯೇ ಅಳತೆ ನೋಡಿ ತಗೊಳ್ಳಿ. ಬೆರಳು ಬಿಗಿಯಾದರೆ ರಕ್ತ ಓಡುವುದಿಲ್ಲ, ಕಾಲು ಮರಗಟ್ಟುತ್ತದೆ. ಕೈಬೆರಳು ಬಿಳಿಚಿಕೊಂಡು ಸ್ಪರ್ಶ ಹೋದರೆ ಉಜ್ಜಬಾರದು, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಬೇಕು. ರಮ್ ಕುಡಿದರೆ ಬೆಚ್ಚಗಾಗುತ್ತದೆ ಅನ್ನುವುದು ಸುಳ್ಳು. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಮೈಶಾಖವನ್ನೇ ಹೊರಗೆ ಬಿಡುತ್ತದೆ.

ಮೈಕ್ರೋಸ್ಪೈಕ್ (ಜಾರದಂತೆ ಬೂಟಿಗೆ ಹಾಕುವ ಮುಳ್ಳಿನ ಪಟ್ಟಿ), ಗೈಟರ್ (ಬೂಟಿನೊಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಕವಚ) ಕೊಳ್ಳಬೇಕಿಲ್ಲ, ಸಾಂಕ್ರಿಯಲ್ಲೇ ಬಾಡಿಗೆಗೆ ಸಿಗುತ್ತವೆ. ಆದರೆ ಸ್ಪೈಕ್‌ನ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತ ಎಳೆದು ನೋಡಿ. ಅದು ಮುಖ್ಯವಾಗುವುದು ಇಳಿಯುವಾಗ. ಹೊಸ ವರ್ಷದ ವಾರ ಅಲ್ಲಿ ವಿಪರೀತ ಜನ. ಅಷ್ಟೂ ಜನ ತುಳಿದ ಹಿಮ ಗಟ್ಟಿಯಾಗಿ ನೀರ್ಗಲ್ಲಾಗುತ್ತದೆ, ಮಳೆಗಾಲದಲ್ಲಿ ಪಾಚಿ ಹಿಡಿದ ಬಂಡೆಯ ಹಾಗೆ ಜಾರುತ್ತದೆ. ರಜೆ ಹೊಂದಿಸಿಕೊಳ್ಳಲು ಆಗುವುದಾದರೆ ಸಂಕ್ರಾಂತಿ ಕಳೆದ ಮೇಲೆ ಹೋಗಿ ಅಂತಲೇ ನನ್ನ ಸಲಹೆ. ಹಿಮ ಆಗಲೂ ಇರುತ್ತದೆ, ದಾರಿಯಲ್ಲಿ ಸಿಗುವ ಜೂಡಾ ಕಾ ತಾಲಾಬ್ ಕೆರೆಯ ಹತ್ತಿರ ಟೆಂಟುಗಳ ಜಾತ್ರೆ ಇರುವುದಿಲ್ಲ.

ತುದಿಗೆ ಹೊರಡುವುದು ಬೆಳಗಿನ ಜಾವ ಮೂರು ನಾಲ್ಕಕ್ಕೆ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಉಳಿದವರು ಅವರ ಹಿಂದೆ. ನೀರಿನ ಬಾಟಲಿ ತಲೆಕೆಳಗಾಗಿ ಇಡಿ. ಹೆಪ್ಪುಗಟ್ಟುವುದು ಮೇಲ್ಭಾಗದಿಂದ ಶುರುವಾಗುತ್ತದೆ, ಹಾಗಾಗಿ ಮುಚ್ಚಳದ ಕಡೆ ನೀರು ನೀರಾಗಿಯೇ ಉಳಿಯುತ್ತದೆ. ಬಾಯಾರಿಕೆ ಆಗದಿದ್ದರೂ ಆಗಾಗ ಗುಟುಕು ಕುಡಿಯಿರಿ. ಫೋನು, ಪವರ್ ಬ್ಯಾಂಕ್, ಕಡಲೆಮಿಠಾಯಿ ಒಳ ಜೇಬಿನಲ್ಲಿರಲಿ. ಚಳಿಗೆ ಬ್ಯಾಟರಿ ಸೋಲುತ್ತದೆ, ಮಿಠಾಯಿ ಕಲ್ಲಾಗುತ್ತದೆ. ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳ ಮೇಲೆ ಬಿಸಿಲು ಬೀಳುವುದನ್ನು ಕಣ್ತುಂಬ ನೋಡಿ, ಆದರೆ ಬಿಸಿಲೇರಿದ ಮೇಲೆ ಕಪ್ಪು ಕನ್ನಡಕ ತೆಗೆಯಬೇಡಿ. ಹಿಮದಿಂದ ಮರಳುವ ಬೆಳಕು ಕಣ್ಣನ್ನೇ ಸುಡುತ್ತದೆ.

ಇನ್ನು ತಯಾರಿ. ಬೆನ್ನಿಗೆ ಏಳೆಂಟು ಕೆಜಿ ಬ್ಯಾಗ್ ಹಾಕಿಕೊಂಡು ಈಗಿನಿಂದಲೇ ಮೆಟ್ಟಿಲು ಹತ್ತಿ ಇಳಿಯಿರಿ. ಭಾನುವಾರ ನಂದಿ ಬೆಟ್ಟದ ಹಳೆಯ ಮೆಟ್ಟಿಲುದಾರಿ ಸಾಕು. ಹೊಸ ಬೂಟು ಅಲ್ಲೇ ಪಳಗಲಿ.

ಕರೆದುಕೊಂಡು ಹೋಗುವವರಿಗೆ ಮುಂಗಡ ಕೊಡುವ ಮುಂಚೆ ಕೇಳಿ: ಒಬ್ಬ ಗೈಡ್‌ಗೆ ಎಷ್ಟು ಜನ? ಆಕ್ಸಿಜನ್ ಸಿಲಿಂಡರ್, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕೊನೆಯ ಕ್ಯಾಂಪಿನವರೆಗೂ ಬರುತ್ತವಾ, ಇಲ್ಲ ಸಾಂಕ್ರಿಯಲ್ಲೇ ಇರುತ್ತವಾ? ಒಬ್ಬರು ಇಳಿಯಬೇಕಾದರೆ ಜೊತೆಗೆ ಬರುವ ಎರಡನೇ ಗೈಡ್ ಇದ್ದಾರಾ? ಅವರು ಏನು ಹೇಳಿದರು ಅಂತ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.