ರಾಜೀನಾಮೆಗೆ ಮುನ್ನ ಒಂದು ಪ್ರಶ್ನೆ

ಹಾಸನದಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಉದ್ಯೋಗದ ವಿಷಯವಾಗಿ ಬರುವವರಲ್ಲಿ ಕೆಲಸ ಬಿಡುವ ಮೊದಲು ಬರುವವರಿಗಿಂತ ಬಿಟ್ಟು ಪರದಾಡುವಾಗ ಬರುವವರೇ ಹೆಚ್ಚು. ಹಾಗಾಗಿ, ರಾಜೀನಾಮೆ ಪತ್ರವನ್ನು ಬರೆದಿದ್ದರೂ ಇನ್ನೂ ಕೊಡದೆ ಬಂದಿದ್ದ ಒಬ್ಬರ ಪ್ರಕರಣವನ್ನು, ಗುರುತಿನ ವಿವರಗಳನ್ನು ಬದಲಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ.

ಅವರು ಸಿವಿಲ್ ಡಿಪ್ಲೊಮಾ ಮುಗಿಸಿ, ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳಿಂದ ಡ್ರಾಫ್ಟ್ಸ್‌ಮನ್ ಆಗಿದ್ದವರು; ಸಂಬಳ 32,000 ರೂಪಾಯಿ. ರಾತ್ರಿ ಹೊತ್ತು ಬೆಂಗಳೂರಿನ ಒಳಾಂಗಣ ವಿನ್ಯಾಸಕರೊಬ್ಬರಿಗೆ ನಕ್ಷೆ ಮಾಡಿಕೊಡುತ್ತಿದ್ದರು. ಆ ಗ್ರಾಹಕರು ತಿಂಗಳಿಗೆ 50,000 ಕೊಡುವುದಾಗಿಯೂ, ಇನ್ನು ಮುಂದೆ ತಮ್ಮ ಕೆಲಸವನ್ನಷ್ಟೇ ಮಾಡಬೇಕೆಂದೂ ಕೇಳಿದ್ದರು. ಹೆಂಡತಿಗೆ ಇದು ಒಪ್ಪಿಗೆಯಿರಲಿಲ್ಲ.

ಮೊದಲ ಭೇಟಿಯಲ್ಲಿ ಮಾತೆಲ್ಲ ಹಣದ ಸುತ್ತಲೇ ನಡೆಯಿತು. ಎರಡನೆಯ ಸಲ ಬಂದಾಗ ಕೇಳಿದೆ: "ಅವರೂ 32,000 ರೂಪಾಯಿಯನ್ನೇ ಕೊಡುತ್ತೇನೆಂದಿದ್ದರೆ ಈ ಕೆಲಸ ಬಿಡುತ್ತಿದ್ದಿರಾ?"

ಅವರು ಉತ್ತರಿಸದೆ ಮೊಬೈಲ್ ತೆಗೆದು ಗ್ರಾಹಕರ ಧ್ವನಿ ಸಂದೇಶವೊಂದನ್ನು ಹಾಕಿದರು. "ಏನು ಕೆಲಸ ಮಾಡಿದ್ದೀರಿ ಸಾರ್! ಬಡಗಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ." ಅದನ್ನೇ ಇನ್ನೊಮ್ಮೆ ಹಾಕಿ ಕೇಳಿಸಿದ ಮೇಲೆ ಹೇಳಿದರು: "ಮೇಡಂ, ನಮ್ಮ ಆಫೀಸಿನ ನಕ್ಷೆಯ ಮೂಲೆಯಲ್ಲಿ ಬರೆದವರ ಹೆಸರಿಗೆ ಅಂತ ಒಂದು ಚೌಕ ಇರುತ್ತೆ. ನಾನು ಸೇರಿದಾಗಿನಿಂದ ಅದು ಖಾಲಿಯೇ ಇದೆ."

ಅವರನ್ನು ಕಾಡುತ್ತಿದ್ದುದು ಆ ಚೌಕ. ಮೆಚ್ಚುಗೆಯ ಹಸಿವನ್ನು ನಾನು ಹಗುರವಾಗಿ ಕಾಣುವವಳಲ್ಲ. ಆದರೆ ಮೆಚ್ಚಿದವರು ಹೊಣೆಯನ್ನೂ ಹೊರುತ್ತಾರೆಂದು ನಂಬಿ ಕೆಟ್ಟವರನ್ನು ಕಂಡಿದ್ದೇನೆ. ಒಬ್ಬನೇ ಗ್ರಾಹಕನಿಗೆ ದಿನವಿಡೀ ದುಡಿಯುವವನಿಗೆ ಯಜಮಾನನೇನೋ ಇರುತ್ತಾನೆ, ಆದರೆ ಆ ಯಜಮಾನನಿಗೆ ಪಿಎಫ್ (ಭವಿಷ್ಯ ನಿಧಿ) ಪಾಲು ಕಟ್ಟುವ, ರಜೆಗೆ ಸಂಬಳ ಕೊಡುವ ಬಾಧ್ಯತೆ ಇರುವುದಿಲ್ಲ. ವೃತ್ತಿಪರ ಶುಲ್ಕವೆಂದು ಪಾವತಿಸಿದರೆ ಸಾಮಾನ್ಯವಾಗಿ ಶೇ. 10ರಷ್ಟು ಟಿಡಿಎಸ್, ಅಂದರೆ ಪಾವತಿಸುವಾಗಲೇ ಹಿಡಿಯುವ ಆದಾಯ ತೆರಿಗೆ, ಕಡಿತವಾಗುತ್ತದೆ. ಹೆಚ್ಚುವರಿ ಕಡಿತ ವಾಪಸು ಬರುವುದು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ ಮೇಲೆ. ಗೃಹಸಾಲ ಕೇಳಹೋದರೆ, ಸಂಬಳದ ಚೀಟಿಯಿಲ್ಲದವರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಎರಡು-ಮೂರು ವರ್ಷಗಳ ರಿಟರ್ನ್ ಕೇಳುತ್ತವೆ.

ಆದ್ದರಿಂದ ನಾನು ಕೊಟ್ಟ ಸಲಹೆ ಹೀಗಿತ್ತು: ಐದು ವರ್ಷ ತುಂಬಲು ಉಳಿದಿರುವ ಎಂಟು ತಿಂಗಳನ್ನು ಕಳೆಯಿರಿ, ಏಕೆಂದರೆ ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟಿಗೆ, ಸಾಮಾನ್ಯವಾಗಿ ಅಷ್ಟು ಸೇವೆ ಬೇಕು, ನಿಮ್ಮ ಮೂಲವೇತನ 20,000 ಎಂದಾದರೆ, ತಿಂಗಳಿಗೆ 26 ದಿನವೆಂದು ಹಿಡಿದು ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಅದು ಸುಮಾರು 57,700 ರೂಪಾಯಿ. ಅಷ್ಟರೊಳಗೆ, ಕೆಲಸ ನಿಲ್ಲಿಸುವುದಾದರೆ ಎರಡು ತಿಂಗಳ ಮುನ್ಸೂಚನೆ ಕೊಡುವುದಾಗಿ ಗ್ರಾಹಕರಿಂದ ಬರವಣಿಗೆಯಲ್ಲಿ ಪಡೆಯಿರಿ, ಆರು ತಿಂಗಳ ಮನೆಖರ್ಚನ್ನು ಹೆಂಡತಿಯ ಹೆಸರಿನಲ್ಲಿ ಠೇವಣಿ ಇಡಿ. ಜೊತೆಗೆ, ಆ ಚೌಕದಲ್ಲಿ ನಿಮ್ಮ ಹೆಸರು ಹಾಕಬೇಕೆಂದು ನಿಮ್ಮ ಕಚೇರಿಯ ಎಂಜಿನಿಯರರನ್ನು ನೇರವಾಗಿ ಕೇಳಿ.

ಆಪ್ತಸಲಹೆಗಾರರಿಗೆ ಪಿಎಫ್, ಗ್ರಾಚ್ಯುಟಿಯ ಉಸಾಬರಿ ಯಾಕೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ತಿಂಗಳ ಮೊದಲ ವಾರದಲ್ಲಿ ಹಣ ಬಾರದೆ ನಿದ್ದೆಗೆಟ್ಟವರಿಗೆ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಟ್ಟು ಕಳುಹಿಸುವುದು ನನ್ನಿಂದಾಗದು.

ಎಂಜಿನಿಯರರು ಕೇಳಿದ ದಿನವೇ ಒಪ್ಪಿದರಂತೆ. ಗ್ರಾಹಕರು ಮಾತ್ರ ಮೂರು ವಾರ ಸತಾಯಿಸಿ ಒಂದೇ ತಿಂಗಳ ಮುನ್ಸೂಚನೆಗೆ ಸಹಿ ಹಾಕಿದ್ದಾರೆ. ಅದು ಸಾಲದೆಂದು ಈಗ ಹೇಳುತ್ತಿರುವವರು, ಸಲಹೆ ಕೇಳಿ ಬಂದಿದ್ದ ಅವರೇ. ರಾಜೀನಾಮೆಯನ್ನು ಇನ್ನೂ ಕೊಟ್ಟಿಲ್ಲ.